ಎಲ್ಕ್ ಬೇಟೆಗೆ ಯಾವ ಗುಂಡು? ಕೊಲರಾಡೊ, .30-06 ರೈಫಲ್, 50ರಿಂದ 400 ಗಜ

ಪೂಡರ್ ತೀರದವ:

ಎಲ್ಲರಿಗೂ ನಮಸ್ಕಾರ. ನಾನು ಫೋರ್ಟ್ ಕಾಲಿನ್ಸ್‌ನಲ್ಲಿ ನೆಲೆಸಿರುವವನು. ಕೊಲರಾಡೊ ರಾಜ್ಯದ ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿದ್ದೇನೆ, ಈ ವರ್ಷದ ಲಾಟರಿಯಲ್ಲಿ ಮೀಕರ್ ಪಟ್ಟಣದ ಪೂರ್ವಕ್ಕಿರುವ ಗುಡ್ಡಗಳಲ್ಲಿ ಹೆಣ್ಣು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಟ್ಯಾಗ್, ಅಂದರೆ ಒಂದು ಪ್ರಾಣಿಯನ್ನು ಹೊಡೆಯುವ ಅನುಮತಿ, ದೊರೆತಿದೆ. ಕೈಯಲ್ಲಿರುವುದು ಹಳೆಯದಾದರೂ ಚೆನ್ನಾಗಿ ಇಟ್ಟುಕೊಂಡಿರುವ .30-06 ಬೋಲ್ಟ್ ರೈಫಲ್. ಅದನ್ನು ಬದಲಿಸುವ ಯೋಚನೆ ಇಲ್ಲ.

ಗುಂಡುಗಳ ವಿಷಯಕ್ಕೆ ಬಂದರೆ ತಲೆ ಕೆಟ್ಟುಹೋಗಿದೆ. ಅಂಗಡಿಯ ಕಪಾಟಿನಲ್ಲಿ ಇದೇ ರೈಫಲ್‌ಗೆ 150, 165, 168, 178, 180 ಗ್ರೇನ್ (ಸುಮಾರು 15 ಗ್ರೇನ್ ಎಂದರೆ ಒಂದು ಗ್ರಾಂ) ತೂಕದ ಗುಂಡಿನ ತೋಟಾಗಳಿವೆ. ಒಂದೊಂದು ತೂಕದಲ್ಲೂ ಸಾಮಾನ್ಯ ಸೀಸದ ಗುಂಡು, ಬಾಂಡೆಡ್ ಗುಂಡು, ಪೂರ್ತಿ ತಾಮ್ರದ ಗುಂಡು ಎಂದು ಮೂರು ನಾಲ್ಕು ಬಗೆಗಳಿವೆ, ಬೆಲೆಯಲ್ಲಿ ಒಂದಕ್ಕೊಂದು ಎರಡರಷ್ಟು ಅಂತರವಿದೆ. ನಾವು ಹೋಗುವ ಜಾಗದಲ್ಲಿ ಕೆಳಗೆ ಸೇಜ್ ಪೊದೆಗಳ ಬಯಲು, ಮೇಲೆ ಆಸ್ಪೆನ್ ಮತ್ತು ಸ್ಪ್ರೂಸ್ ಕಾಡು ಇರುವುದರಿಂದ ಅವಕಾಶ 50 ಗಜದಲ್ಲೂ ಸಿಗಬಹುದು, 400 ಗಜದಲ್ಲೂ ಸಿಗಬಹುದು ಎಂದು ಜೊತೆಗೆ ಬರುವವರು ಹೇಳುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಮಾಂಸ ಅವರ ತಟ್ಟೆಗೂ ಹೋಗುತ್ತದೆ. ಆದ್ದರಿಂದ ಸೀಸದ ವಿಷಯದಲ್ಲೂ ಸ್ಪಷ್ಟ ಉತ್ತರ ಬೇಕಾಗಿದೆ. ಅನುಭವಸ್ಥರು ದಯವಿಟ್ಟು ಕಾರಣಸಹಿತವಾಗಿ ತಿಳಿಸಬೇಕು.

ಬಿಳಿಹೊಳೆ:

ಅಭಿನಂದನೆಗಳು. ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕೊಲರಾಡೊದಲ್ಲಿ ಎಲ್ಕ್ ಬೇಟೆಗೆ ರೈಫಲ್ ಕನಿಷ್ಠ .24 ಕ್ಯಾಲಿಬರ್ (ನಳಿಕೆಯ ಒಳವ್ಯಾಸ, ಇಂಚಿನಲ್ಲಿ) ಇರಬೇಕು, ಗುಂಡು ಕನಿಷ್ಠ 85 ಗ್ರೇನ್ ತೂಗಬೇಕು, 100 ಗಜದಲ್ಲಿ ಕನಿಷ್ಠ 1,000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು, ಮತ್ತು ಗುಂಡು ಬಡಿದಾಗ ಅರಳುವ ಬಗೆಯದ್ದಾಗಿರಬೇಕು. ರೇಂಜ್‌ನಲ್ಲಿ ಅಭ್ಯಾಸಕ್ಕೆ ಬಳಸುವ, ಪೂರ್ತಿ ಲೋಹದ ಹೊದಿಕೆಯ ಅಗ್ಗದ ಗುಂಡುಗಳನ್ನು ಬೇಟೆಗೆ ಒಯ್ಯುವಂತಿಲ್ಲ. ನಿಮ್ಮ .30-06 ಈ ಗಡಿಗಳನ್ನೆಲ್ಲ ಸುಲಭವಾಗಿ ದಾಟುತ್ತದೆ. ಆದರೆ ಕಾನೂನಿನ ಕನಿಷ್ಠ ಮಿತಿಯೇ ಬೇರೆ, ಪ್ರಾಣಿ ನರಳದೆ ಬೇಗ ಸಾಯುವುದಕ್ಕೆ ಬೇಕಾದದ್ದೇ ಬೇರೆ.

ಹೆಣ್ಣು ಎಲ್ಕ್ ಸಾಧಾರಣವಾಗಿ 225 ಕಿಲೋ ಆಸುಪಾಸು ತೂಗುತ್ತದೆ, ಬೆಳೆದ ಗಂಡು 320 ಕಿಲೋ ಮುಟ್ಟುತ್ತದೆ. ಬಂಡೀಪುರದಲ್ಲಿ ದೊಡ್ಡ ಕಡವೆಯನ್ನು ಹತ್ತಿರದಿಂದ ನೋಡಿದವರಿಗೆ ಈ ಮೈಕಟ್ಟಿನ ಅಂದಾಜು ಸಿಗುತ್ತದೆ. ಎದೆಗೂಡು ಆಳವಾಗಿದೆ, ಭುಜದ ಮೂಳೆ ಮತ್ತು ಮುಂಗಾಲಿನ ಮೇಲ್ಮೂಳೆ ದಪ್ಪ, ಮೇಲೆ ಒತ್ತಾದ ಮಾಂಸಖಂಡ ಮತ್ತು ಚಳಿಗಾಲದ ದಟ್ಟ ರೋಮವಿದೆ. ಪ್ರಾಣಿ ಸಂಪೂರ್ಣ ಅಡ್ಡಲಾಗಿ ನಿಂತು, ಗುಂಡು ಮುಂಗಾಲಿನ ಹಿಂಬದಿಯಲ್ಲಿ ಎದೆಯ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ ಹೊಕ್ಕರೆ ಅದಕ್ಕೆ ಎದುರಾಗುವುದು ಪಕ್ಕೆಲುಬು ಮತ್ತು ಎರಡು ಶ್ವಾಸಕೋಶಗಳು ಮಾತ್ರ. ಆಗ ಅಂಗಡಿಯಲ್ಲಿರುವ ಯಾವ ಬೇಟೆ ಗುಂಡಾದರೂ ಕೆಲಸ ಮಾಡುತ್ತದೆ. ತೊಂದರೆ ಇರುವುದು ಪ್ರಾಣಿ ನಮ್ಮತ್ತ ಓರೆಯಾಗಿ ನಿಂತಾಗ. ಆಗ ಗುಂಡು ಭುಜದ ಮೂಳೆಯನ್ನು ಒಡೆದು, ಅಲ್ಲಿಂದ ಮುಂದಕ್ಕೆ ಒಂದೂವರೆ ಎರಡು ಅಡಿ ಸಾಗಿ ಎರಡೂ ಶ್ವಾಸಕೋಶಗಳನ್ನು ತಲುಪಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ನಿಮಗೆ ಸಿಗಬಹುದಾದ ಅತಿ ಹತ್ತಿರದ ದೂರ ಮತ್ತು ನೀವು ಗುಂಡು ಹಾರಿಸಲು ಒಪ್ಪುವ ಅತಿ ಕೆಟ್ಟ ಕೋನ, ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡು ಗುಂಡನ್ನು ಆರಿಸಿ. ಹೆಚ್ಚಿನವರು ಅತಿ ದೂರದ ಲೆಕ್ಕವನ್ನೇ ಹಿಡಿದು ಆರಿಸುತ್ತಾರೆ. 50 ಗಜದಲ್ಲಿ ಗುಂಡಿನ ವೇಗ ಅತಿ ಹೆಚ್ಚಾಗಿರುತ್ತದೆ, ಅದು ಚೂರಾಗುವ ಅಪಾಯವೂ ಅಲ್ಲೇ ಹೆಚ್ಚು.

ತಾಮ್ರಪರ್ಣ:

ಬಿಳಿಹೊಳೆಯವರು ಹೇಳಿದ್ದಕ್ಕೆ ಗುಂಡಿನ ಒಳರಚನೆಯ ವಿವರವನ್ನು ಸೇರಿಸುತ್ತೇನೆ. ನನ್ನ ಉದ್ಯೋಗ ಲೋಹಶಾಸ್ತ್ರಕ್ಕೆ ಸಂಬಂಧಿಸಿದ್ದು, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಮಾತಾಡಿದರೆ ಸಹಿಸಿಕೊಳ್ಳಿ.

ಎಲ್ಲಕ್ಕಿಂತ ಹಳೆಯ ಬಗೆಯೆಂದರೆ ತಾಮ್ರಮಿಶ್ರಲೋಹದ ತೆಳು ಬಟ್ಟಲೊಳಗೆ ಸೀಸವನ್ನು ಒತ್ತಿ ತುಂಬಿದ ಗುಂಡು. 1939ರಲ್ಲಿ ಬಂದ ರೆಮಿಂಗ್ಟನ್ ಕೋರ್-ಲಾಕ್ಟ್, ಹಾರ್ನಡಿಯ ಇಂಟರ್‌ಲಾಕ್, ವಿಂಚೆಸ್ಟರ್‌ನ ಪವರ್-ಪಾಯಿಂಟ್ ಎಲ್ಲ ಈ ಗುಂಪಿನವು. ಮೂತಿಯ ಬಳಿ ಹೊದಿಕೆ ತೆಳು, ಬುಡದತ್ತ ದಪ್ಪ. ಬಡಿದೊಡನೆ ಮೂತಿ ಹಿಂದಕ್ಕೆ ಮಗುಚಿಕೊಂಡು ಗುಂಡು ಅಗಲವಾಗುತ್ತದೆ. ಸೀಸ ಮೆತ್ತಗಿರುವುದರಿಂದ ದಾರಿಯುದ್ದಕ್ಕೂ ಸವೆದು, ಕೊನೆಗೆ ಮೂಲ ತೂಕದ ಅರ್ಧವೋ ಅದಕ್ಕಿಂತ ಕಡಿಮೆಯೋ ಉಳಿಯುವುದು ಸಾಮಾನ್ಯ. ಗಟ್ಟಿ ಮೂಳೆಗೆ ಹೆಚ್ಚು ವೇಗದಲ್ಲಿ ತಾಗಿದರೆ ಹೊದಿಕೆ ಒಂದೆಡೆ, ಸೀಸ ಇನ್ನೊಂದೆಡೆ ಹೋಗುವ ಸಾಧ್ಯತೆ ಇದೆ.

ಇದೇ ಕಾಟಕ್ಕೆ ಪರಿಹಾರವಾಗಿ ಹುಟ್ಟಿದ್ದು ನಾಸ್ಲರ್ ಪಾರ್ಟಿಶನ್. 1946ರಲ್ಲಿ ಜಾನ್ ನಾಸ್ಲರ್ ಅವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋಗಿದ್ದಾಗ, ಅವರ .300 ಎಚ್ ಅಂಡ್ ಎಚ್ ಮ್ಯಾಗ್ನಮ್ ರೈಫಲ್‌ನ ಗುಂಡುಗಳು ಕೆಸರು ಮೆತ್ತಿ ಒಣಗಿದ್ದ ಗಂಡು ಮೂಸ್‌ನ ಮೈಯೊಳಕ್ಕೆ ಆಳವಾಗಿ ಇಳಿಯದೆ ಒಡೆದುಹೋದವು. ಊರಿಗೆ ಮರಳಿದ ಮೇಲೆ ಅವರು ಗುಂಡಿನ ನಡುವೆ ತಾಮ್ರಲೋಹದ ಅಡ್ಡಗೋಡೆಯೊಂದನ್ನು ಇಟ್ಟರು. ಮುಂದಿನ ಕೋಣೆಯ ಸೀಸ ಅರಳಿ ಚೂರಾದರೂ ಗೋಡೆಯ ಹಿಂದಿನ ಕೋಣೆಯ ಸೀಸ ಇಡಿಯಾಗಿ ಉಳಿದು ಮುಂದೆ ನುಗ್ಗುತ್ತದೆ. 1948ರಿಂದ ಮಾರಾಟದಲ್ಲಿರುವ ಈ ಗುಂಡು ಸಾಮಾನ್ಯವಾಗಿ ಮೂರನೇ ಎರಡು ಭಾಗದಷ್ಟು ತೂಕ ಉಳಿಸಿಕೊಳ್ಳುತ್ತದೆ.

ಬಾಂಡೆಡ್ ಗುಂಡುಗಳಲ್ಲಿ ಸೀಸವನ್ನೂ ಹೊದಿಕೆಯನ್ನೂ ಒಂದಕ್ಕೊಂದು ಬೆಸೆದಿರುತ್ತಾರೆ, ಆದ್ದರಿಂದ ಅವು ಬೇರೆಯಾಗುವುದಿಲ್ಲ. ನಾಸ್ಲರ್ ಆ್ಯಕ್ಯುಬಾಂಡ್, ಫೆಡರಲ್‌ನ ಟ್ರೋಫಿ ಬಾಂಡೆಡ್ ಟಿಪ್ ಮತ್ತು ಕಡಿಮೆ ಬೆಲೆಯ ಫ್ಯೂಷನ್ ಈ ಜಾತಿಯವು. ಸ್ವಿಫ್ಟ್ ಎ-ಫ್ರೇಮ್‌ನಲ್ಲಿ ಅಡ್ಡಗೋಡೆಯೂ ಉಂಟು, ಬೆಸುಗೆಯೂ ಉಂಟು.

ಕೊನೆಯದು ಇಡಿ ತಾಮ್ರದ ಗುಂಡು. ಬಾರ್ನ್ಸ್ ಸಂಸ್ಥೆಯ ಎಕ್ಸ್ ಗುಂಡು 1989ರಲ್ಲಿ ಬಂತು. ಮೊದಲ ಪೀಳಿಗೆಯದು ನಳಿಕೆಯೊಳಗೆ ತಾಮ್ರದ ಮಡ್ಡಿ ಬಿಡುತ್ತದೆ, ಎಲ್ಲ ರೈಫಲ್‌ಗಳಲ್ಲೂ ಒಂದೇ ಕಡೆ ಬೀಳುವುದಿಲ್ಲ ಎಂಬ ದೂರಿತ್ತು. 2003ರ ಟಿಎಸ್‌ಎಕ್ಸ್ ಮಾದರಿಯಲ್ಲಿ ಗುಂಡಿನ ಮೈಗೆ ಉಂಗುರದಂಥ ಕಚ್ಚುಗಳನ್ನು ಕೊರೆದು ಆ ದೂರನ್ನು ಬಹುಮಟ್ಟಿಗೆ ಕಳೆದರು, ಆಮೇಲೆ ಪ್ಲಾಸ್ಟಿಕ್ ಮೊನೆಯ ಟಿಟಿಎಸ್‌ಎಕ್ಸ್ ಬಂತು. ನನ್ನ ಮೇಜಿನ ಮೇಲೆ ಎಲ್ಕ್‌ನ ಆಚೆ ಬದಿಯ ಚರ್ಮದಡಿ ಸಿಕ್ಕಿದ ಇಂಥದೊಂದು ಗುಂಡಿದೆ. ನಾಲ್ಕು ಎಸಳುಗಳು ಹಿಂದಕ್ಕೆ ಬಾಗಿವೆ, ಒಂದು ಎಸಳಿನ ತುದಿ ಮೂಳೆಗೆ ಉಜ್ಜಿ ಮೊಂಡಾಗಿದೆ, ಉಂಗುರ ಕಚ್ಚುಗಳಲ್ಲಿ ನಳಿಕೆಯ ಗೀರುಗಳು ಇನ್ನೂ ಓರೆಯಾಗಿ ಕಾಣುತ್ತವೆ. ತೂಗಿ ನೋಡಿದರೆ ಮೂಲ ತೂಕಕ್ಕೆ ಹೆಚ್ಚುಕಡಿಮೆ ಸಮ.

ತಾಮ್ರದ ಸಾಂದ್ರತೆ 8.96, ಸೀಸದ್ದು 11.34. ಅಂದರೆ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿರುತ್ತದೆ, ಅದನ್ನು ಸ್ಥಿರವಾಗಿ ತಿರುಗಿಸಲು ನಳಿಕೆಯೊಳಗಿನ ಸುರುಳಿ ಗೀರುಗಳ ತಿರುವು ಸಾಕಷ್ಟು ಬಿಗಿಯಾಗಿರಬೇಕು. .30-06 ರೈಫಲ್‌ಗಳ ಸಾಮಾನ್ಯ ತಿರುವು 10 ಇಂಚಿಗೆ ಒಂದು ಸುತ್ತು, ಅದರಲ್ಲಿ 168 ಮತ್ತು 180 ಗ್ರೇನ್ ತಾಮ್ರದ ಗುಂಡುಗಳಿಗೆ ತೊಂದರೆಯಿಲ್ಲ.

ಹಳೇ ಕೋವಿ:

ತಾಮ್ರಪರ್ಣ ಅವರ ವಿವರಣೆ ಸೊಗಸಾಗಿದೆ, ಆದರೆ ಇದನ್ನೋದಿ ಹೊಸಬರು ಹೆದರಿ ಹೆಚ್ಚು ಹಣ ಸುರಿಯುವುದು ಬೇಡ. ಎಲ್ಕ್‌ಗಳ ಮೈ ಕಳೆದ ಮೂವತ್ತು ವರ್ಷಗಳಲ್ಲಿ ಗಟ್ಟಿಯಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ಇಲ್ಲಿನ ರಾಂಚ್‌ಗಳ ಜನ ಅಗ್ಗದ 180 ಗ್ರೇನ್ ಮೆತ್ತನೆ ಮೂತಿಯ ಗುಂಡಿನಿಂದಲೇ ವರ್ಷ ವರ್ಷವೂ ಮನೆಗೆ ಮಾಂಸ ತಂದಿದ್ದಾರೆ, ಇಂದಿಗೂ ತರುತ್ತಿದ್ದಾರೆ. ಪೆಟ್ಟಿಗೆಯೊಂದಕ್ಕೆ ಎರಡರಷ್ಟು ಬೆಲೆ ತೆತ್ತವರು ಅಭ್ಯಾಸಕ್ಕೆ ಅರ್ಧದಷ್ಟೇ ಗುಂಡು ಹಾರಿಸುತ್ತಾರೆ. ಕೂತು, ಮಂಡಿಯೂರಿ, ಕೋಲಿನ ಆಸರೆಯಲ್ಲಿ ಬೇಸಿಗೆಯಿಡೀ ಅಭ್ಯಾಸ ಮಾಡಿದವನ ಕೈಯಲ್ಲಿರುವ ಸಾಮಾನ್ಯ ಗುಂಡು, ಬೆಂಚಿನ ಮೇಲೆ ಒಂದೇ ಪೆಟ್ಟಿಗೆ ಖಾಲಿ ಮಾಡಿ ಕಾಡಿಗೆ ಬಂದವನ ದುಬಾರಿ ಗುಂಡಿಗಿಂತ ಮೇಲು. ಅಡ್ಡ ನಿಂತ ಎಲ್ಕ್, 250 ಗಜದೊಳಗೆ, ಎದೆಗೂಡಿನ ನಡುವೆ: ಇಷ್ಟಕ್ಕೆ ಮಾತ್ರ ಒಪ್ಪಿಕೊಂಡರೆ ಈ ಚರ್ಚೆಯ ಅಗತ್ಯವೇ ಬೀಳುವುದಿಲ್ಲ.

ಬಿಳಿಹೊಳೆ:

ಹಳೇ ಕೋವಿಯವರೇ, ನಿಮ್ಮ ಮಾತಿನ ಬಹುಪಾಲು ನನಗೂ ಒಪ್ಪಿಗೆ. ಅದರಲ್ಲಿ ಅಡಗಿರುವ ಕಾರಣವನ್ನು ಬಿಡಿಸಿ ಹೇಳಬೇಕು ಅಷ್ಟೆ. ಆ ಅಗ್ಗದ ಗುಂಡುಗಳು ಕೆಲಸ ಮಾಡಿದ್ದು ಅವು 180 ಗ್ರೇನ್ ತೂಕದವಾಗಿದ್ದರಿಂದ, ಮತ್ತು .30-06 ಅವುಗಳನ್ನು ಸೆಕೆಂಡಿಗೆ 2,700 ಅಡಿಯ ಹಿತಮಿತವಾದ ವೇಗದಲ್ಲಿ ಕಳಿಸುತ್ತಿದ್ದುದರಿಂದ. ಅದೇ ರಚನೆಯ 150 ಗ್ರೇನ್ ಗುಂಡನ್ನು .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ ತುಂಬಿ 50 ಗಜದಲ್ಲಿ ಭುಜದ ಮೂಳೆಗೆ ಹೊಡೆದರೆ ಫಲಿತಾಂಶ ಬೇರೆಯೇ ಆಗುತ್ತದೆ: ಮೇಲುಭಾಗದಲ್ಲಿ ತಟ್ಟೆಯಗಲದ ಗಾಯ, ಒಳಗೆ ಶ್ವಾಸಕೋಶ ಸುರಕ್ಷಿತ, ಮೂರು ಕಾಲಿನಲ್ಲಿ ಓಡಿಹೋಗುವ ಪ್ರಾಣಿ. ಆದ್ದರಿಂದ ಸಾಮಾನ್ಯ ರಚನೆಯ ಗುಂಡನ್ನೇ ಕೊಳ್ಳುವವರು ತಮ್ಮ ರೈಫಲ್‌ಗೆ ಸಿಗುವ ಭಾರದ ತೂಕವನ್ನೇ ಆರಿಸಬೇಕು. .30-06ಕ್ಕೆ 180, .270ಕ್ಕೆ 150. ತಾಮ್ರದ ಗುಂಡಿನಲ್ಲಿ ಇದು ತಿರುಗುಮುರುಗು. ಅದು ತೂಕ ಕಳೆದುಕೊಳ್ಳದಿರುವುದರಿಂದ ಒಂದು ಮೆಟ್ಟಿಲು ಹಗುರವಾದದ್ದನ್ನು ತೆಗೆದುಕೊಂಡು ವೇಗವನ್ನು ಗಳಿಸಿಕೊಳ್ಳಬಹುದು.

"ಅಡ್ಡ ನಿಂತ ಎಲ್ಕ್‌ಗೆ ಮಾತ್ರ" ಎಂಬ ನಿಯಮವನ್ನು ಪಾಲಿಸಿದರೆ ಚೆನ್ನ. ಆದರೆ ಪ್ರಾಣಿ ನಾವು ಟ್ರಿಗರ್ ಒತ್ತುವ ಗಳಿಗೆಯಲ್ಲೇ ಅರ್ಧ ಹೆಜ್ಜೆ ತಿರುಗುತ್ತದೆ. ನಾನು ಸ್ವಲ್ಪ ಹೆಚ್ಚು ಬೆಲೆ ಕೊಡುವುದು ಆ ಅರ್ಧ ಹೆಜ್ಜೆಗೆ.

ಗಾಳಿಲೆಕ್ಕ:

ಇಲ್ಲಿ ಯಾರೂ 6.5 ಕ್ರೀಡ್‌ಮೂರ್ ಎಂಬ ಸಣ್ಣ ಕ್ಯಾಲಿಬರ್‌ನ ತೋಟಾದ ಹೆಸರೆತ್ತದಿರುವುದು ಆಶ್ಚರ್ಯ. 143 ಗ್ರೇನ್‌ನ ಹಾರ್ನಡಿ ಇಎಲ್‌ಡಿ-ಎಕ್ಸ್ ಗುಂಡು 2,700 ಅಡಿ ವೇಗದಲ್ಲಿ ಹೊರಟು 300 ಗಜದಲ್ಲಿ ಸುಮಾರು 1,640 ಫುಟ್-ಪೌಂಡ್, 400 ಗಜದಲ್ಲಿ ಸುಮಾರು 1,460 ಫುಟ್-ಪೌಂಡ್ ಉಳಿಸಿಕೊಳ್ಳುತ್ತದೆ. ನೀಳವಾದ ಆಕಾರದಿಂದಾಗಿ ಗಾಳಿಗೆ ಕಡಿಮೆ ವಾಲುತ್ತದೆ, ಭುಜಕ್ಕೆ ಒದೆತವೂ .30-06ಗಿಂತ ಬಹಳ ಕಡಿಮೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವನಿಗೆ ಗುಂಡಿನ ರಚನೆ ಯಾವುದಾದರೇನು? ಕೇಳಿದವರ ಬಳಿ .30-06 ಇದೆ ಎಂಬುದು ಗೊತ್ತು, ಆದರೆ ಅದಕ್ಕೂ 178 ಗ್ರೇನ್‌ನ ಇಎಲ್‌ಡಿ-ಎಕ್ಸ್ ಸಿಗುತ್ತದೆ. 400 ಗಜದ ಅವಕಾಶ ಇದೆ ಎಂದಮೇಲೆ ಗಾಳಿಯನ್ನು ಸೀಳುವ ಆಕಾರಕ್ಕೆ ಆದ್ಯತೆ ಕೊಡಬೇಕೆಂಬುದು ನನ್ನ ನಿಲುವು.

ತಾಮ್ರಪರ್ಣ:

ಕ್ರೀಡ್‌ಮೂರ್‌ನಿಂದ ಎಲ್ಕ್ ಬೀಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದನ್ನು ಹಿಡಿದವರು ಕೋನವನ್ನು ಹೆಚ್ಚು ಎಚ್ಚರದಿಂದ ಆರಿಸಬೇಕಾಗುತ್ತದೆ. ಆಕಾರದ ವಿಷಯಕ್ಕೆ ಬಂದರೆ ಎರಡು ಮಾತು ಹೇಳಬೇಕು.

ಒಂದು, ಎಲ್ಕ್‌ಗೆ 1,500 ಫುಟ್-ಪೌಂಡ್ ಬೇಕು ಎಂಬ ಲೆಕ್ಕವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ರೂಢಿಯಿಂದ ಬಂದ ಅಂದಾಜು, ಯಾವ ಅಂಗಾಂಶವೂ ಫುಟ್-ಪೌಂಡ್ ಓದುವುದಿಲ್ಲ. ಹೆಚ್ಚು ಉಪಯುಕ್ತವಾದ ಸಂಖ್ಯೆ ಎಂದರೆ ಬಡಿಯುವಾಗ ಉಳಿದಿರುವ ವೇಗ, ಏಕೆಂದರೆ ಪ್ರತಿ ಗುಂಡಿಗೂ ತಾನು ಅರಳಲು ಬೇಕಾದ ಕನಿಷ್ಠ ವೇಗವೊಂದಿದೆ. ಪಾರ್ಟಿಶನ್ ಮತ್ತು ಆ್ಯಕ್ಯುಬಾಂಡ್‌ಗಳಿಗೆ ಅದು ಸೆಕೆಂಡಿಗೆ 1,800 ಅಡಿ, ಇಎಲ್‌ಡಿ-ಎಕ್ಸ್‌ಗೆ 1,600 ಅಡಿ. ತಾಮ್ರದ ಗುಂಡುಗಳು ಗಟ್ಟಿಯಾದ್ದರಿಂದ ಹೆಚ್ಚಿನವು 1,800ಕ್ಕಿಂತ ಕೆಳಗೆ ಸರಿಯಾಗಿ ಅರಳುವುದಿಲ್ಲ. ನನ್ನ ಮಟ್ಟಿಗೆ 2,000 ಅಡಿಯನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತೇನೆ. ಅರಳದ ಗುಂಡು ಪೆನ್ಸಿಲ್ ದಪ್ಪದ ತೂತು ಮಾಡಿ ಆಚೆಗೆ ಹೋಗುತ್ತದೆ, ಪ್ರಾಣಿ ಬಹಳ ದೂರ ನಡೆದು ಸಾಯುತ್ತದೆ.

ಇನ್ನು 180 ಗ್ರೇನ್ ಪಾರ್ಟಿಶನ್‌ನ ಲೆಕ್ಕ ನೋಡಿ: ಹೊರಡುವಾಗ 2,700 ಅಡಿ, 200 ಗಜದಲ್ಲಿ ಸುಮಾರು 2,320, 300ರಲ್ಲಿ 2,140, 400ರಲ್ಲಿ 1,970, 500ರಲ್ಲಿ 1,810. ಅಂದರೆ ಎಪ್ಪತ್ತೈದು ವರ್ಷಕ್ಕೂ ಹಳೆಯದಾದ, ಆಕಾರದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲದ ಈ ಗುಂಡು ಕೂಡ 400 ಗಜದಲ್ಲಿ ಅರಳುವ ವೇಗವನ್ನು ಉಳಿಸಿಕೊಂಡಿರುತ್ತದೆ. ಇಲ್ಲಿ ಕೇಳಿರುವ ದೂರಕ್ಕೆ ಅದಕ್ಕಿಂತ ನೀಳವಾದ ಆಕಾರ ತಂದುಕೊಡುವ ಲಾಭ ಅಲ್ಪ. ಅದಕ್ಕಾಗಿ 50 ಗಜದ ಭುಜದ ಮೂಳೆಯ ಭದ್ರತೆಯನ್ನು ಬಿಟ್ಟುಕೊಡುವುದು ನನಗೆ ಸರಿಕಾಣುವುದಿಲ್ಲ.

ಎರಡು, ಗಂಟೆಗೆ 10 ಮೈಲಿಯ ಅಡ್ಡಗಾಳಿ 400 ಗಜದಲ್ಲಿ ಈ 180 ಗ್ರೇನ್ ಗುಂಡನ್ನು ಒಂದು ಅಡಿಗೂ ಮಿಕ್ಕಿ ಪಕ್ಕಕ್ಕೆ ತಳ್ಳುತ್ತದೆ. ಎಲ್ಕ್‌ನ ಶ್ವಾಸಕೋಶದ ಪ್ರದೇಶದ ಅಗಲವೇ ಒಂದು ಅಡಿಗಿಂತ ತುಸು ಹೆಚ್ಚು. ನೀಳವಾದ ಗುಂಡು ಈ ತಪ್ಪನ್ನು ಕೆಲವು ಇಂಚು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಕಣಿವೆಯ ಆಚೆ ದಡದ ಗಾಳಿಯನ್ನು ಈಚೆ ದಡದಲ್ಲಿ ಕೂತು ಓದಲು ಬಾರದವರು 300 ಗಜಕ್ಕೆ ನಿಲ್ಲಿಸಿಬಿಡುವುದೇ ಒಳ್ಳೆಯದು.

ಗಾಳಿಲೆಕ್ಕ:

ಗಾಳಿಯ ಮಾತು ಒಪ್ಪಿದೆ. ಆದರೆ ಮೆದು ಗುಂಡಿನ ಪರವಾಗಿ ಒಂದು ಮಾತಿದೆ: ಅದು ಪಕ್ಕೆಲುಬಿನ ನಡುವೆ ಹೊಕ್ಕಾಗ ಶ್ವಾಸಕೋಶವನ್ನು ಹಾಳುಮಾಡುವ ಪ್ರಮಾಣ ತಾಮ್ರದ ಗುಂಡಿನದಕ್ಕಿಂತ ಬಹಳ ಹೆಚ್ಚು, ಪ್ರಾಣಿ ನಿಂತಲ್ಲೇ ಬೀಳುವ ಸಂಭವವೂ ಹೆಚ್ಚು. ಗಟ್ಟಿ ಗುಂಡನ್ನು ಆರಿಸುವವರು ಇದನ್ನೂ ತಿಳಿದು ಆರಿಸಲಿ.

ಕೈಬಾಬ್ ನಿವಾಸಿ:

ಸೀಸದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಪ್ರಯತ್ನಿಸುತ್ತೇನೆ. ನಾನಿರುವುದು ಉತ್ತರ ಅರಿಜೋನಾದಲ್ಲಿ, ಇಲ್ಲಿ ಈ ವಿಷಯ ದಿನನಿತ್ಯದ್ದು.

ಸೀಸದ ಗುಂಡು ಮೂಳೆಗೆ ತಾಗಿ ಅರಳುವಾಗ ಉದುರುವ ಕಣಗಳಲ್ಲಿ ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣವು. ಹೊಡೆದ ಪ್ರಾಣಿಯ ಎಕ್ಸ್-ರೇ ತೆಗೆದಾಗ ಅವು ಗಾಯದ ದಾರಿಯಿಂದ ಹಲವು ಇಂಚು ದೂರದವರೆಗೂ ಬಿಳಿ ಚುಕ್ಕಿಗಳಾಗಿ ಹರಡಿರುವುದು ಕಾಣುತ್ತದೆ. ಬೇಟೆಗಾರರು ಕಾಡಿನಲ್ಲೇ ಬಿಟ್ಟುಬರುವ ಕರುಳಿನ ರಾಶಿಯನ್ನು ಹದ್ದುಗಳೂ ಕಾಂಡೋರ್ ರಣಹದ್ದುಗಳೂ ತಿನ್ನುತ್ತವೆ. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್‌ಗಳ ಸಂಖ್ಯೆ 22. ಸಾಕಿ ಬೆಳೆಸಿ ಮತ್ತೆ ಕಾಡಿಗೆ ಬಿಟ್ಟ ಈ ಹಕ್ಕಿಗಳ ಸಾವಿಗೆ ಮುಖ್ಯ ಕಾರಣ ಇಂದಿಗೂ ಸೀಸದ ವಿಷವೇ ಆಗಿದೆ. ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಎಲ್ಲ ಬಗೆಯ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿತು. ಅರಿಜೋನಾ ನಿಷೇಧದ ದಾರಿ ಹಿಡಿಯಲಿಲ್ಲ. ಇಲ್ಲಿನ ಬೇಟೆ ಇಲಾಖೆ ಕಾಂಡೋರ್ ಪ್ರದೇಶದ ಟ್ಯಾಗ್ ಪಡೆದವರಿಗೆ ಸೀಸರಹಿತ ತೋಟಾಗಳನ್ನು ಉಚಿತವಾಗಿ ಕೊಡುವ ಯೋಜನೆ ನಡೆಸಿತು, ಬೇಟೆಗಾರರಲ್ಲಿ ಹೆಚ್ಚಿನವರು ತಾವಾಗಿಯೇ ಬದಲಾದರು. ಕೊಲರಾಡೊದಲ್ಲಿ ಎಲ್ಕ್ ಬೇಟೆಗೆ ಇಂಥ ಕಡ್ಡಾಯವಿಲ್ಲ, ಆಯ್ಕೆ ನಿಮ್ಮದು.

ಮಕ್ಕಳ ವಿಷಯದಲ್ಲಿ ಹೇಳಬೇಕೆಂದರೆ, ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ, ಬೆಳೆಯುವ ಮಿದುಳಿಗೆ ಅದು ಹೆಚ್ಚು ಹಾನಿಕರ. ಸೀಸದ ಗುಂಡನ್ನೇ ಬಳಸುವವರು ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು, ಮುಂಗಾಲಿನ ಪೆಟ್ಟಾದ ಮಾಂಸವನ್ನು ಕೀಮಾ ಯಂತ್ರಕ್ಕೆ ಹಾಕಲೇಬಾರದು, ಏಕೆಂದರೆ ಒಂದು ಕಡೆಯಿದ್ದ ಕಣಗಳು ಅಲ್ಲಿ ಇಡೀ ರಾಶಿಗೆ ಬೆರೆಯುತ್ತವೆ. ಮಾಂಸವನ್ನು ಕಸಾಯಿ ಅಂಗಡಿಗೆ ಕೊಡುವುದಾದರೆ ನಿಮ್ಮದನ್ನು ಬೇರೆಯವರ ಮಾಂಸದ ಜೊತೆ ಸೇರಿಸದೆ ಪ್ರತ್ಯೇಕವಾಗಿ ರುಬ್ಬಿಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಪುಟ್ಟ ಮಕ್ಕಳಿರುವ ಮನೆಗೆ ನಾನಾದರೆ ತಾಮ್ರವನ್ನೇ ಆರಿಸುತ್ತೇನೆ.

ಮಡಿಕೇರಿ ಮೂಲ:

ವಿಷಯಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಇಲ್ಲಿ ದಾಖಲಿಸುತ್ತೇನೆ. ಈ ಚರ್ಚೆ ಓದುವವರಲ್ಲಿ ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದವರೂ ಇರಬಹುದು. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಅಂಥವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದೂ ಒಂದು. ಗ್ರೀನ್ ಕಾರ್ಡ್ ಇರುವವರಿಗೆ ಈ ಅಡ್ಡಿ ಇಲ್ಲ. ಗೆಳೆಯನ ತೋಟಾ ಪೆಟ್ಟಿಗೆಯನ್ನು ಕಾರಿನಲ್ಲಿ ಇಟ್ಟುಕೊಂಡ ಮಾತ್ರಕ್ಕೇ ವೀಸಾಕ್ಕೆ ಕುತ್ತು ಬರಬಹುದು, ಆದ್ದರಿಂದ ಮೊದಲು ವಕೀಲರನ್ನು ಕೇಳಿ ಮುಂದುವರಿಯಿರಿ. ನಮ್ಮ ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ ಎಂಬ ರೂಢಿಯಲ್ಲಿ ಬೆಳೆದವರು ಇಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಸಾಧ್ಯತೆ ಇದೆ. ಅಲ್ಲಿ ಕೋವಿ ಇದ್ದರೂ ಬೇಟೆ ನಿಷಿದ್ಧ, ಇಲ್ಲಿ ಅಂಥ ವೀಸಾದವರಿಗೆ ಬೇಟೆಯ ಪರವಾನಗಿಯೇ ಕೋವಿ ಹಿಡಿಯುವ ಹಕ್ಕಿಗೆ ಆಧಾರವಾಗಬಹುದು.

ಪೂಡರ್ ತೀರದವ:

ಎಲ್ಲರಿಗೂ ಕೃತಜ್ಞತೆಗಳು. ನಾನು ಗ್ರೀನ್ ಕಾರ್ಡ್ ಹೊಂದಿದವನೇ. ಆದರೂ ಆ ಮಾಹಿತಿ ಬೇರೆಯವರಿಗೆ ಬೇಕಾಗಿತ್ತು.

ಓದಿದ್ದನ್ನೆಲ್ಲ ಒಟ್ಟುಗೂಡಿಸಿದಾಗ ನನಗೆ 168 ಗ್ರೇನ್ ಟಿಟಿಎಸ್‌ಎಕ್ಸ್ ಮೊದಲ ಆಯ್ಕೆಯಾಗಿಯೂ 180 ಗ್ರೇನ್ ಪಾರ್ಟಿಶನ್ ಎರಡನೆಯದಾಗಿಯೂ ಕಾಣುತ್ತಿವೆ. ಮಕ್ಕಳ ಕಾರಣಕ್ಕೆ ತಾಮ್ರದತ್ತ ಮನಸ್ಸು ವಾಲಿದೆ. ಉಳಿದಿರುವ ಅನುಮಾನ ಎರಡು. ನನ್ನ ಹಳೆಯ ನಳಿಕೆಗೆ ತಾಮ್ರದ ಗುಂಡು ಒಗ್ಗದಿದ್ದರೆ ಅದು ಹೇಗೆ ತಿಳಿಯುತ್ತದೆ? ತಾಮ್ರದ ಗುಂಡು ತಾಗಿದ ಎಲ್ಕ್ ನಿಂತಲ್ಲೇ ಬೀಳುವುದು ಕಡಿಮೆ ಎಂದು ಗಾಳಿಲೆಕ್ಕದವರು ಹೇಳಿದ್ದಾರೆ, ಹಾಗಾದರೆ ಹೊಡೆದ ಮೇಲೆ ಏನು ಮಾಡಬೇಕು?

ಬಿಳಿಹೊಳೆ:

ಎರಡನೆಯ ಪ್ರಶ್ನೆಗೆ ಮೊದಲು. ಎರಡೂ ಶ್ವಾಸಕೋಶಗಳಿಗೆ ಪೆಟ್ಟಾದ ಎಲ್ಕ್ ಏನೂ ಆಗದಂತೆ ನಿಂತಿರುವುದು ಅಥವಾ ನೂರು ಗಜ ನಡೆದುಹೋಗುವುದು ಗುಂಡು ಯಾವುದಾದರೂ ಸಾಮಾನ್ಯ. ಆದ್ದರಿಂದ ಮೊದಲ ಗುಂಡು ಹಾರಿದ ಕೂಡಲೇ, ಸ್ಕೋಪ್‌ನಿಂದ ಕಣ್ಣು ತೆಗೆಯದೆ ಬೋಲ್ಟ್ ಎಳೆದು ಎರಡನೆಯದನ್ನು ತುಂಬಬೇಕು. ಪ್ರಾಣಿ ನಿಂತಿದ್ದು, ಹಿಂದೆ ಮುಂದೆ ಬೇರೆ ಎಲ್ಕ್ ಇಲ್ಲದಿದ್ದರೆ, ಮತ್ತೆ ಹೊಡೆಯಬೇಕು. ಹಿಂಡಿನಲ್ಲಿದ್ದಾಗ ತಾಮ್ರದ ಗುಂಡಿಗೆ ಇನ್ನೊಂದು ಎಚ್ಚರ ಬೇಕು: ಅದು ಒಂದು ಪ್ರಾಣಿಯನ್ನು ದಾಟಿ ಹಿಂದಿನದಕ್ಕೂ ತಾಗಬಲ್ಲದು, ನಿಮ್ಮಲ್ಲಿರುವುದು ಒಂದೇ ಟ್ಯಾಗ್. ಹಾಗೆ ದಾಟಿಹೋಗುವುದರಲ್ಲೇ ಅದರ ಲಾಭವೂ ಇದೆ. ಎಲ್ಕ್‌ನ ದಟ್ಟ ರೋಮ ರಕ್ತವನ್ನು ಹೀರಿಕೊಳ್ಳುತ್ತದೆ, ಮೇಲಿನಿಂದ ಹೊಕ್ಕು ಒಳಗೇ ಉಳಿದ ಗುಂಡಿನ ಗಾಯದಿಂದ ನೆಲಕ್ಕೆ ಹನಿಯೂ ಬೀಳದಿರಬಹುದು. ಆಚೆ ಬದಿಯಲ್ಲೂ ತೂತಿದ್ದರೆ ಸ್ಪ್ರೂಸ್ ಕಾಡಿನ ಮಬ್ಬಿನಲ್ಲಿ ಹಿಂಬಾಲಿಸಲು ಜಾಡು ಸಿಗುತ್ತದೆ. ಬೇಗ ಬೀಳಿಸಬೇಕೆಂದರೆ ತಾಮ್ರದ ಗುಂಡನ್ನು ಮುಂಗಾಲಿನ ಹಿಂದಿನ ಮಡಿಕೆಗಿಂತ ತುಸು ಮುಂದಕ್ಕೆ, ಭುಜದ ಮೇಲೇ ಇಡಿ. ಸ್ವಲ್ಪ ಮಾಂಸ ಹಾಳಾಗುತ್ತದೆ, ಆದರೆ ಮೂಳೆ ಮುರಿದ ಪ್ರಾಣಿ ದೂರ ಹೋಗುವುದಿಲ್ಲ.

ತಾಮ್ರಪರ್ಣ:

ನಳಿಕೆಯ ಪ್ರಶ್ನೆಗೆ ನನ್ನ ಉತ್ತರ. ಸೀಸದ ಗುಂಡುಗಳ ತಾಮ್ರಮಿಶ್ರಲೋಹದ ಮಡ್ಡಿ ಕೂತ ನಳಿಕೆಯಲ್ಲಿ ಶುದ್ಧ ತಾಮ್ರದ ಗುಂಡು ಹಾರಿಸಿದರೆ ಮೊದಮೊದಲು ಚೆಲ್ಲಾಪಿಲ್ಲಿಯಾಗಿ ಬೀಳುವುದುಂಟು. ಆದ್ದರಿಂದ ತಾಮ್ರ ಕರಗಿಸುವ ದ್ರಾವಣ ಹಾಕಿ, ಬಟ್ಟೆಯ ತುಂಡಿಗೆ ನೀಲಿ ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಿ. ಆಮೇಲೆ ಕೆಲವು ಗುಂಡು ಸುಮ್ಮನೆ ಹಾರಿಸಿ ನಳಿಕೆಯನ್ನು ಹದಕ್ಕೆ ತಂದು, ಅದು ತಣ್ಣಗಾದ ಮೇಲೆ 100 ಗಜದಲ್ಲಿ ಮೂರು ಮೂರರ ಗುಂಪು ನೋಡಿ. ಗುಂಪುಗಳು ಒಂದೂವರೆ ಇಂಚಿನೊಳಗೆ ಬಂದರೆ ಎಲ್ಕ್ ಬೇಟೆಗೆ ಧಾರಾಳ. ಮೂರು ಇಂಚಿಗೆ ಹರಡಿದರೆ ಆ ಗುಂಡನ್ನು ಬಿಟ್ಟು ಪಾರ್ಟಿಶನ್‌ಗೆ ಹೋಗಿ, ಇಲ್ಲವೇ 180 ಗ್ರೇನ್ ಟಿಟಿಎಸ್‌ಎಕ್ಸ್ ಪ್ರಯತ್ನಿಸಿ. ಒಂದು ತೂಕವನ್ನು ಒಪ್ಪದ ನಳಿಕೆ ಇನ್ನೊಂದನ್ನು ಒಪ್ಪುವುದು ಅಪರೂಪವೇನಲ್ಲ.

ಕಾರ್ಖಾನೆಯಿಂದ ಬರುವ 168 ಗ್ರೇನ್ ತೋಟಾ 2,800 ಅಡಿ ವೇಗದ್ದು. ಝೀರೋವನ್ನು (ಸ್ಕೋಪ್‌ನ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗುವ ದೂರವನ್ನು) 200 ಗಜಕ್ಕೆ ಹೊಂದಿಸಿದರೆ 100 ಗಜದಲ್ಲಿ ಗುಂಡು ಎರಡಿಂಚಿನ ಒಳಗೆ ಮೇಲೆಯೂ 300 ಗಜದಲ್ಲಿ ಎಂಟಿಂಚು ಆಸುಪಾಸು ಕೆಳಗೂ ಬೀಳುತ್ತದೆ. ಅಂದರೆ 250 ಗಜದವರೆಗೆ ಲೆಕ್ಕವಿಲ್ಲದೆ ಎದೆಯ ನಡುವಿಗೆ ಗುರಿಯಿಡಬಹುದು. 400 ಗಜದಲ್ಲಿ ಇಳಿತ ಎರಡು ಅಡಿಗೆ ಹತ್ತಿರವಾಗುತ್ತದೆ, ಅಲ್ಲಿ ಅಂದಾಜು ಸಾಲದು, ರೇಂಜ್‌ಫೈಂಡರ್ ಬೇಕು. ಮೇಲಿನ 9,000 ಅಡಿ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ನಾಲ್ಕನೇ ಒಂದು ಭಾಗ ತೆಳುವಾಗಿರುವುದರಿಂದ ಗುಂಡು ತುಸು ಮೇಲೆ ಬೀಳುತ್ತದೆ. ನೀವು ಈಗಾಗಲೇ 5,000 ಅಡಿಯಲ್ಲಿ ಅಭ್ಯಾಸ ಮಾಡುತ್ತಿರುವುದರಿಂದ 300 ಗಜದೊಳಗೆ ಆ ವ್ಯತ್ಯಾಸ ಗಮನಕ್ಕೆ ಬರುವಂಥದ್ದಲ್ಲ.

ಹಳೇ ಕೋವಿ:

ಅಭ್ಯಾಸಕ್ಕೆ ಮಾತ್ರ ಅಗ್ಗದ ಗುಂಡನ್ನೇ ಕೊಳ್ಳಿ ಎಂದು ಮತ್ತೆ ಹೇಳುತ್ತೇನೆ. ಆದರೆ ಅದು ಬೀಳುವ ಜಾಗವೂ ತಾಮ್ರದ ಗುಂಡು ಬೀಳುವ ಜಾಗವೂ ಒಂದೇ ಆಗಿರುವುದಿಲ್ಲ. ಅಗ್ಗದ್ದರಲ್ಲಿ ಕೈ ಪಳಗಿಸಿ, ನಳಿಕೆ ಒರೆಸಿ, ಸೀಸನ್ನಿಗೆ ಎರಡು ವಾರ ಮುಂಚೆ ಬೇಟೆಯ ಗುಂಡಿಗೇ ಝೀರೋ ಹೊಂದಿಸಿ, ಆಮೇಲೆ ಪೆಟ್ಟಿಗೆ ಬದಲಿಸಬೇಡಿ. ಒಂದೇ ಸಂಖ್ಯೆಯ ಲಾಟ್‌ನ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ) ಎರಡು ಪೆಟ್ಟಿಗೆಗಳನ್ನು ಈಗಲೇ ಕೊಂಡಿಟ್ಟುಕೊಳ್ಳಿ, ಅಕ್ಟೋಬರ್ ಬಂದರೆ ಮೀಕರ್ ಅಂಗಡಿಗಳ ಕಪಾಟಿನಲ್ಲಿ .30-06 ಜಾಗ ಖಾಲಿಯಾಗಿರುವುದೇ ಹೆಚ್ಚು. ಕ್ಯಾಂಪ್ ತಲುಪಿದ ಸಂಜೆ ಒಂದು ಗುಂಡನ್ನು ಕಾಗದಕ್ಕೆ ಹಾರಿಸಿ ಸ್ಕೋಪ್ ಅಲುಗಾಡಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೊಲರಾಡೊದ ಕಚ್ಚಾ ರಸ್ತೆಗಳು ಸ್ಕೋಪ್‌ನ ಸ್ಕ್ರೂಗಳನ್ನು ಸಡಿಲಿಸುವುದರಲ್ಲಿ ನಿಸ್ಸೀಮವಾಗಿವೆ.

ಪೂಡರ್ ತೀರದವ:

168 ಗ್ರೇನ್‌ನ ಎರಡು ಪೆಟ್ಟಿಗೆ, ಒಂದೇ ಲಾಟ್‌ನವು, ಇಂದು ತಂದೆ. ಅಭ್ಯಾಸಕ್ಕೆ 180 ಗ್ರೇನ್‌ನ ಅಗ್ಗದ್ದನ್ನು ಹಳೇ ಕೋವಿಯವರ ಮಾತಿನಂತೆ ಬೇರೆಯಾಗಿ ತಂದಿದ್ದೇನೆ. ದೂರವನ್ನು 300 ಗಜಕ್ಕೆ ಮಿತಿಗೊಳಿಸಿಕೊಂಡಿದ್ದೇನೆ. ರೇಂಜ್‌ನ ಫಲಿತಾಂಶ ಸಿಕ್ಕ ಮೇಲೆ ಗುಂಪುಗಳ ಅಳತೆಯನ್ನು ಇಲ್ಲಿ ಹಾಕುತ್ತೇನೆ.